ಹೆಲ್ಸಿಂಕಿಗೆ ಯಾರು ಕಳಿಸಿದ್ದು?

1952ರ ಜುಲೈ 19ರಂದು ಹೆಲ್ಸಿಂಕಿ ಒಲಿಂಪಿಕ್ಸ್ ಉದ್ಘಾಟನೆಯಾಯಿತು. ಮಳೆ ಹಿಡಿದಿತ್ತು. ಐವತ್ತೈದು ವರ್ಷದ ಪಾವೊ ನುರ್ಮಿ ಜ್ಯೋತಿ ಹಿಡಿದು ಕ್ರೀಡಾಂಗಣದೊಳಗೆ ಓಡಿಬಂದ. ಫಿನ್‌ಲ್ಯಾಂಡಿನ ಜನ ಒದ್ದೆಯಾಗುತ್ತಲೇ ಎದ್ದು ನಿಂತು ಕೂಗಿದರು. ಆ ಹೊತ್ತಿಗೆ ನಮ್ಮ ಫುಟ್‌ಬಾಲ್ ತಂಡದ ಒಲಿಂಪಿಕ್ಸ್ ಮುಗಿದು ನಾಲ್ಕು ದಿನವಾಗಿತ್ತು. ಪ್ರಾಥಮಿಕ ಸುತ್ತಿನ ಪಂದ್ಯಗಳನ್ನು ಉದ್ಘಾಟನೆಗೆ ಮೊದಲೇ ಆಡಿಸಿದ್ದರು. ಜುಲೈ 15ರಂದು ಯುಗೊಸ್ಲಾವಿಯಾದ ಎದುರು ಭಾರತ ಹತ್ತು–ಒಂದರಿಂದ ಸೋತಿತ್ತು. ನಮ್ಮವರಲ್ಲಿ ಬಹುಪಾಲು ಆಟಗಾರರು ಬರಿಗಾಲಿನಲ್ಲಿ ಆಡಿದ್ದರು.

ಆ ಪಂದ್ಯ ನಡೆದದ್ದು ತೋಲೊ ಬಡಾವಣೆಯ ಹಳೆಯ ಚೆಂಡಾಟದ ಮೈದಾನದಲ್ಲಿ. ಈಗ ಅದೇ ಜಾಗದಲ್ಲಿ ಬೋಲ್ಟ್ ಅರೀನಾ ಎಂಬ ಅಚ್ಚುಕಟ್ಟಾದ ಸಣ್ಣ ಸ್ಟೇಡಿಯಂ ಇದೆ. ಹೆಲ್ಸಿಂಕಿಯ ಎಚ್‌ಜೆಕೆ ಕ್ಲಬ್ಬಿನ ತವರು ಅಂಗಳ ಅದು. ಎಸ್ಪೂವಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಅಲ್ಲಿಗೆ ಕರೆದುಕೊಂಡು ಹೋದ. ಪಂದ್ಯವಿಲ್ಲದ ದಿನ, ಗೇಟು ಮುಚ್ಚಿತ್ತು. ಕಂಬಿಯ ಸಂದಿಯಿಂದ ಒಳಗಿನ ಕೃತಕ ಹುಲ್ಲು ಕಾಣುತ್ತಿತ್ತು.

‘ಮಾವ, ಇಲ್ಲಿಗೆ ಬಂದೋರೆಲ್ಲ ಹಡಗು ಹತ್ತಿ ಸುವೊಮೆನ್‌ಲಿನ್ನಾ ಕೋಟೆ ನೋಡ್ತಾರೆ. ನೀವು ಬಾಗಿಲು ಹಾಕಿರೋ ಗ್ರೌಂಡ್ ನೋಡ್ತಿದೀರಲ್ಲ’ ಎಂದ.

‘ಆ ಒಂದು ಗೋಲು ಹೊಡೆದವರು ಯಾರು ಗೊತ್ತೇನೋ?’ ಎಂದೆ. ಗೊತ್ತಿರಲಿಲ್ಲ. ಅವನು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನು, ವಾರಾಂತ್ಯಕ್ಕೆ ರಾತ್ರಿ ಎರಡರವರೆಗೆ ಕೂತು ಇಂಗ್ಲಿಷ್ ಲೀಗು ನೋಡುವವನು. ತಪ್ಪು ಅವನದಲ್ಲ, ನಾವು ಯಾರೂ ಹೇಳಿಕೊಟ್ಟವರಲ್ಲ.

ಅಹ್ಮದ್ ಖಾನ್ ಬೆಂಗಳೂರಿನವರು. ಫುಟ್‌ಬಾಲ್ ಆಡುವ ಮನೆತನದಿಂದ ಬಂದು, 1948ರ ಲಂಡನ್ ಒಲಿಂಪಿಕ್ಸ್ ಆಡಿ, ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಐವರನ್ನು ಬಂಗಾಳಿಗಳು ‘ಪಂಚಪಾಂಡವರು’ ಎಂದರು. ಕಾಲಿನಲ್ಲಿ ಚೆಂಡನ್ನು ಆಡಿಸುತ್ತಿದ್ದ ಬಗೆಗೆ ಅಹ್ಮದ್‌ಗೆ ‘ಹಾವಾಡಿಗ’ ಎಂಬ ಹೆಸರೂ ಬಿತ್ತು. ತೀರಿಕೊಂಡದ್ದು 2017ರಲ್ಲಿ, ಬೆಂಗಳೂರಿನಲ್ಲೇ. ಹಲಸೂರಿನ ಗೌತಮಪುರದಲ್ಲಿ ಬ್ರೆಜಿಲ್ಲಿನ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ, ಬಹಳ ಸಂತೋಷ. ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆದ ನಮ್ಮೂರಿನವರ ಹೆಸರನ್ನೂ ಅದರ ಪಕ್ಕದಲ್ಲಿ ಎಲ್ಲಾದರೂ ಬರೆದಿದ್ದರೆ ಇನ್ನೂ ಸಂತೋಷವಾಗುತ್ತಿತ್ತು. 1948ರಲ್ಲಿ ಫ್ರಾನ್ಸ್ ಎದುರು ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನ ಕಡೆಯವರೇ.

ಹತ್ತು ಗೋಲು ತಿಂದ ಮೇಲೆ, ಆಟ ಮುಗಿಯಲು ನಿಮಿಷಗಳಷ್ಟೇ ಉಳಿದಾಗ ಅಹ್ಮದ್ ಅದನ್ನು ಹೊಡೆದದ್ದು. ಗೆಲುವಂತೂ ಇರಲಿ, ಮಾನ ಉಳಿಸಿಕೊಳ್ಳುವ ಲೆಕ್ಕಕ್ಕೂ ಬಾರದ ಗೋಲು. ಆದರೂ ಎದುರಾಳಿಯ ಪೆನಾಲ್ಟಿ ಅಂಗಳದ ಕಡೆಗೆ ಓಡುವ ಮನಸ್ಸು ಆ ಥಂಡಿಯ ನೆಲದ ಮೇಲೆ, ಬರಿಗಾಲಿನಲ್ಲಿ, ಎಲ್ಲಿಂದ ಬಂತೋ.

ಬರಿಗಾಲಿನ ಆಟವನ್ನು ಮೌಢ್ಯವೆಂದು ನಗುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. 1911ರಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಹನ್ನೊಂದರಲ್ಲಿ ಒಬ್ಬನ ಕಾಲಲ್ಲಿ ಮಾತ್ರ ಬೂಟಿತ್ತು. ಒಣನೆಲದಲ್ಲಿ ಚೆಂಡಿನ ಮೈಯನ್ನು ಬೆರಳಿನಿಂದಲೇ ಅರಿಯುವ ವಿದ್ಯೆ ಅದು. ಅದನ್ನೇ ಉತ್ತರ ಧ್ರುವದ ಹತ್ತಿರದ ಒದ್ದೆಹುಲ್ಲಿಗೆ, ಆ ಕಾಲದ ಯುರೋಪಿನ ಅತ್ಯುತ್ತಮ ತಂಡಗಳಲ್ಲೊಂದರ ಎದುರಿಗೆ ಒಯ್ದು ನಿಲ್ಲಿಸಿದ್ದು ಆಟಗಾರರ ತಪ್ಪಲ್ಲ. ಆ ಯುಗೊಸ್ಲಾವಿಯಾ ಫೈನಲ್‌ವರೆಗೆ ಹೋಗಿ, ಹಂಗೆರಿಯ ಎದುರು ಸೋತು ಬೆಳ್ಳಿ ಪಡೆಯಿತು. ಹೆಲ್ಸಿಂಕಿಯ ಪಾಠವಾದ ಮೇಲೆ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷದ ತರುವಾಯ, ಮೆಲ್ಬರ್ನ್‌ನ ಸೆಮಿಫೈನಲ್‌ನಲ್ಲಿ, ಅದೇ ಯುಗೊಸ್ಲಾವಿಯಾದ ಎದುರು ಮೊದಲ ಗೋಲು ನೆವಿಲ್ ಡಿಸೋಜಾ ಹೊಡೆದರು. ಕೊನೆಗೆ ನಾಲ್ಕು–ಒಂದರಿಂದ ಸೋತರೂ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಹೆಲ್ಸಿಂಕಿಯಲ್ಲೂ ತರಬೇತುದಾರರು, ಮೆಲ್ಬರ್ನ್‌ನಲ್ಲೂ ಅವರೇ. ಹತ್ತು–ಒಂದಾದ ಮಾರನೆಯ ದಿನ ಅವರನ್ನು ಕಿತ್ತುಹಾಕಲಿಲ್ಲ ಎಂಬುದೇ ಆ ನಾಲ್ಕನೇ ಸ್ಥಾನದ ಗುಟ್ಟು ಎಂದು ನನ್ನ ಅನಿಸಿಕೆ.

ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲೇ ಒಲಿಂಪಿಕ್ ಕ್ರೀಡಾಂಗಣ. ಮುಂದುಗಡೆ ನುರ್ಮಿಯ ಕಂಚಿನ ಪ್ರತಿಮೆ, ವೈನೊ ಆಲ್ತೊನೆನ್ ಮಾಡಿದ್ದು, ಮೈಮೇಲೆ ನೂಲೆಳೆಯಿಲ್ಲದೆ ಓಡುತ್ತಿರುವುದು. ಹಿಂದೆ ಬಿಳಿಯ ಗೋಪುರ. ಅದರ ಎತ್ತರ 72.71 ಮೀಟರ್, 1932ರ ಲಾಸ್ ಏಂಜಲಿಸ್‌ನಲ್ಲಿ ಮಟ್ಟಿ ಯಾರ್ವಿನೆನ್ ಜಾವೆಲಿನ್ ಎಸೆದು ಚಿನ್ನ ಗೆದ್ದ ದೂರವೂ ಅಷ್ಟೇ. ಒಂದು ಎಸೆತವನ್ನು ಎತ್ತಿ ಗೋಪುರವಾಗಿ ನಿಲ್ಲಿಸಿದ ಊರು ಇನ್ನೊಂದಿದ್ದರೆ ನನಗೆ ತಿಳಿಯದು. ಇವರಿಗೆ ಜಾವೆಲಿನ್ ಎಂದರೆ ಅಷ್ಟು ಅಕ್ಕರೆ. ನೀರಜ್ ಚೋಪ್ರಾ ತುರ್ಕುವಿನ ಪಾವೊ ನುರ್ಮಿ ಕೂಟಕ್ಕೆ ಬಂದು ಎಸೆದಿದ್ದು ಇಲ್ಲಿಯವರಿಗೆ ನೆನಪಿದೆ. ಟಿಕೆಟ್ ಕೊಡುವ ಹುಡುಗ ನಾವು ಭಾರತದವರೆಂದು ತಿಳಿದು ಭುಜದ ಮೇಲಿಂದ ಕೈ ಬೀಸಿ ತೋರಿಸಿದ, ಹೆಸರು ಹೇಳಲಿಲ್ಲ, ಬೇಕಾಗಲೂ ಇಲ್ಲ.

ಲಿಫ್ಟಿನಲ್ಲಿ ಮೇಲೆ ಹೋದರೆ ಊರೆಲ್ಲ ಕಾಣುತ್ತದೆ: ಕೊಲ್ಲಿಯ ನೀರು, ಚರ್ಚಿನ ಗುಮ್ಮಟ, ಮನೆಗಳಿಗಿಂತ ಹೆಚ್ಚು ಮರಗಳು. 1940ರ ಒಲಿಂಪಿಕ್ಸ್ ಮೊದಲು ಟೋಕಿಯೊಗೆ ಸಿಕ್ಕಿತ್ತು. 1938ರಲ್ಲಿ ಜಪಾನ್ ಕೈಬಿಟ್ಟಾಗ ಹೆಲ್ಸಿಂಕಿಗೆ ಬಂತು. ಅಷ್ಟರಲ್ಲಿ ಯುದ್ಧ. ಕಟ್ಟಿದ ಕ್ರೀಡಾಂಗಣ ಹಾಗೇ ಕಾದು ಕೂತಿತು. 1952ರಲ್ಲಿ ಕ್ರೀಡಾಕೂಟ ನಡೆದಾಗಲೂ ಫಿನ್‌ಲ್ಯಾಂಡ್ ಸೋವಿಯತ್ ಒಕ್ಕೂಟಕ್ಕೆ ಯುದ್ಧ ಪರಿಹಾರವನ್ನು ತೀರಿಸುತ್ತಲೇ ಇತ್ತು. ಕೊನೆಯ ಕಂತು ಹೋದದ್ದು ಕೂಟ ಮುಗಿದ ಮೇಲೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಸಾಲದ ಮನೆಯಲ್ಲಿ ಮಾಡಿದ ಮದುವೆಯಂತಿತ್ತು ಆ ಒಲಿಂಪಿಕ್ಸ್. ಹಾಗಿದ್ದೂ ಆ ಪುಟ್ಟ ದೇಶ 6 ಚಿನ್ನ ಸೇರಿ 22 ಪದಕ ಗೆದ್ದಿತು.

ನಾವು? ಸ್ವಾತಂತ್ರ್ಯ ಬಂದು ಐದು ವರ್ಷ. ಮೊದಲ ಮಹಾಚುನಾವಣೆ ಮುಗಿದದ್ದೇ ಆ ವರ್ಷ. ಅರವತ್ತಕ್ಕೂ ಮಿಕ್ಕಿದ ಕ್ರೀಡಾಳುಗಳು ಬಂದರು. ಒಂದು ಚಿನ್ನ, ಒಂದು ಕಂಚು. ಪಟ್ಟಿಯಲ್ಲಿ ಇದನ್ನು ‘ಭಾರತ’ ಎಂಬ ಒಂದೇ ಸಾಲಿನಲ್ಲಿ ಬರೆದಿದ್ದಾರೆ. ಈ ಊರಿನಲ್ಲಿ ಒಂದು ದಿನ ಅಡ್ಡಾಡಿದರೆ ಆ ಸಾಲು ಒಡೆಯುತ್ತದೆ. ಬಂದವರನ್ನೆಲ್ಲ ದೇಶವೇ ಕಳಿಸಿರಲಿಲ್ಲ. ಕೆಲವರನ್ನು ದೇಶ ಕಳಿಸಿತ್ತು, ಕೆಲವರನ್ನು ಊರು ಕಳಿಸಿತ್ತು, ಕೆಲವರನ್ನು ಗೆಳೆಯರು.

ಗೆಳೆಯರು ಕಳಿಸಿದವರಲ್ಲಿ ಮುಂಬೈಯ ಮೇರಿ ಡಿಸೋಜಾ ಒಬ್ಬರು. 100 ಮತ್ತು 200 ಮೀಟರ್ ಓಡಲು ಆಯ್ಕೆಯಾದರು, ಆದರೆ ಪ್ರಯಾಣದ ಹಣ ತಾವೇ ಹೊಂದಿಸಬೇಕಿತ್ತು. ಗೆಳೆಯರು ನೃತ್ಯಕೂಟ, ಇಸ್ಪೀಟಿನ ಆಟ ಏರ್ಪಡಿಸಿ ದುಡ್ಡು ಕೂಡಿಸಿದರೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಕಲ್ಕತ್ತೆಯ ನೀಲಿಮಾ ಘೋಷ್‌ಗೆ ಆಗ ಹದಿನೇಳು. ಇವರಿಬ್ಬರು, ಈಜುಗಾರ್ತಿಯರಾದ ಡಾಲಿ ನಜೀರ್ ಮತ್ತು ಆರತಿ ಸಾಹಾ ಸೇರಿ ನಾಲ್ವರು. ಸ್ವತಂತ್ರ ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಹೆಣ್ಣುಮಕ್ಕಳು. ನಾಲ್ವರೂ ಮೊದಲ ಸುತ್ತಿನಲ್ಲೇ ಹೊರಬಿದ್ದರು.

ಆರತಿಗೆ ಹನ್ನೊಂದು ವರ್ಷ. ಕ್ರೀಡಾಂಗಣದ ಪಕ್ಕದಲ್ಲೇ ಇರುವ ಬಯಲು ಈಜುಕೊಳದಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿದಳು. ಆ ಕೊಳ ಈಗಲೂ ಬೇಸಿಗೆಯಲ್ಲಿ ಊರವರಿಗೆಲ್ಲ ತೆರೆದಿರುತ್ತದೆ. ಟಿಕೆಟ್ ಕೊಂಡು ಯಾರು ಬೇಕಾದರೂ ಇಳಿಯಬಹುದು. ನಾನೂ ಇಳಿದೆ. ನೀರನ್ನು ಬೆಚ್ಚಗೆ ಇಟ್ಟಿರುತ್ತಾರೆ, ಆದರೆ ಹೊರಗೆ ಬಂದೊಡನೆ ಗಾಳಿ ಮೈಯನ್ನು ಚುಚ್ಚುತ್ತದೆ. ಪಕ್ಕದ ಸಾಲಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನನ್ನನ್ನು ಎರಡು ಸಲ ಹಿಂದೆ ಹಾಕಿ ಹೋದರು. ಗ್ಯಾಲರಿಯಲ್ಲಿ ಜನ ಕಾಲು ಚಾಚಿ ಬಿಸಿಲು ಕಾಯಿಸುತ್ತಿದ್ದರು, ಮಕ್ಕಳು ಐಸ್‌ಕ್ರೀಂ ಚೀಪುತ್ತಿದ್ದವು. ಹೂಗ್ಲಿಯ ಹರಿವಿನ ಊರಿನ ಐದನೇ ಕ್ಲಾಸಿನ ವಯಸ್ಸಿನ ಹುಡುಗಿ ಇದೇ ಕಟ್ಟೆಯ ಮೇಲೆ ನಿಂತು ದೊಡ್ಡವರ ಜತೆ ನೀರಿಗೆ ಹಾರಿದ್ದನ್ನು ಯೋಚಿಸುತ್ತ ಸ್ವಲ್ಪ ಹೊತ್ತು ಟವೆಲ್ ಸುತ್ತಿಕೊಂಡು ಕೂತೆ. ಏಳು ವರ್ಷಗಳ ನಂತರ, 1959ರಲ್ಲಿ, ಅವಳು ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದಳು. ದಾಟಿದ ಮೊದಲ ಏಷ್ಯಾದ ಮಹಿಳೆ. ಹೀಟ್ಸ್‌ನಲ್ಲಿ ಔಟಾದವರ ಲೆಕ್ಕಕ್ಕೆ ಪದಕಪಟ್ಟಿಯಲ್ಲಿ ಕಲಮು ಇರುವುದಿಲ್ಲವಲ್ಲ.

ಮಧ್ಯಾಹ್ನ ಒಂದನೇ ನಂಬರ್ ಟ್ರಾಮ್ ಹಿಡಿದು ಕ್ಯಾಪೂಲ ಎಂಬ ಕಡೆಗೆ ಹೋದೆವು. ಟ್ರಾಮು ಕೊನೆಯ ನಿಲ್ದಾಣದ ಹತ್ತಿರ ಬರುತ್ತಿದ್ದಂತೆ ಊರು ಮರದ ಮನೆಗಳಾಗಿ, ಸೇಬಿನ ಗಿಡಗಳಾಗಿ ಬದಲಾಗುತ್ತದೆ. 1940ರ ಕೂಟಕ್ಕೆಂದು ಕಟ್ಟಿದ ಒಲಿಂಪಿಕ್ ಗ್ರಾಮ ಇಲ್ಲೇ. ಆಗಿನಿಂದ ಅದರಲ್ಲಿ ಸಂಸಾರಗಳು ವಾಸವಾಗಿವೆ. ಅದರ ಶಿಲ್ಪಿಗಳಲ್ಲಿ ಒಬ್ಬರಾದ ಹಿಲ್ಡಿಂಗ್ ಎಕೆಲುಂಡ್ ಅವರೇ ಸೈಕಲ್ ಓಟದ ವೆಲೊಡ್ರೋಮನ್ನೂ ರೂಪಿಸಿದರು. ನಾವು ಬಂದದ್ದು ಅದಕ್ಕಾಗಿ. ಕಾಂಕ್ರೀಟಿನ ಓರೆ ಓಟಪಥ, ನಡುವೆ ಹುಲ್ಲು. ಆ ನಡುವಿನ ಅಂಗಳದಲ್ಲಿ 1952ರ ಹಾಕಿ ನಡೆದದ್ದು.

ಹಾಕಿಯ ವಿಷಯ ಬೇರೆ. 1928ರ ಆಮ್‌ಸ್ಟರ್‌ಡ್ಯಾಮ್‌ನಿಂದ ಭಾರತ ಒಲಿಂಪಿಕ್ಸ್‌ನಲ್ಲಿ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಸೇನೆ, ರೈಲ್ವೆ, ಪೊಲೀಸು ಎಲ್ಲ ಕಡೆ ತಂಡಗಳಿದ್ದವು. ಆಟಗಾರನಿಗೆ ಆಡಲು ಕೂಟಗಳಿದ್ದವು, ಮೇಲೆ ಬರಲು ಹಾದಿಯಿತ್ತು. ಹಾಕಿಯವರು ಸಿರಿವಂತಿಕೆಯಲ್ಲಿ ಬೆಳೆದರೆಂದಲ್ಲ. 1932ರಲ್ಲಿ ಲಾಸ್ ಏಂಜಲಿಸ್‌ಗೆ ಹೋದ ತಂಡ ದಾರಿಯುದ್ದಕ್ಕೂ ಪ್ರದರ್ಶನ ಪಂದ್ಯ ಆಡಿ ಖರ್ಚು ಹೊಂದಿಸಿತ್ತು. ಆದರೂ ಹಾಕಿಯನ್ನು ದೇಶ ತನ್ನದು ಅಂದುಕೊಂಡಿತ್ತು. ಉದ್ಘಾಟನೆಯ ದಿನ ಧ್ವಜ ಹಿಡಿದದ್ದೂ ಹಾಕಿಯ ಬಲ್ಬೀರ್ ಸಿಂಗ್.

ಕೆ.ಡಿ. ಸಿಂಗ್ ‘ಬಾಬು’ ನಾಯಕರು. ಆಸ್ಟ್ರಿಯಾ ಎದುರು ನಾಲ್ಕು–ಸೊನ್ನೆ. ಬ್ರಿಟನ್ ಎದುರು ಮೂರು–ಒಂದು, ಮೂರೂ ಬಲ್ಬೀರ್ ಹೊಡೆದವು. ಜುಲೈ 24ರ ಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಎದುರು ಆರು–ಒಂದು. ಆರರಲ್ಲಿ ಐದು ಬಲ್ಬೀರ್ ಅವರದ್ದು. ಪುರುಷರ ಒಲಿಂಪಿಕ್ ಫೈನಲ್‌ನಲ್ಲಿ ಒಬ್ಬ ಆಟಗಾರ ಐದು ಗೋಲು ಹೊಡೆದ ಆ ದಾಖಲೆಯನ್ನು ಇವತ್ತಿನವರೆಗೆ ಯಾರೂ ಮುರಿದಿಲ್ಲ. ಲೆಸ್ಲಿ ಕ್ಲಾಡಿಯಸ್, ಲಾಹೋರಿನಿಂದ ಬಂದ ಕೇಶವ್ ದತ್, ಉಧಮ್ ಸಿಂಗ್, ರಣಧೀರ್ ಸಿಂಗ್ ಜೆಂಟಲ್, ಗೋಲಿನಲ್ಲಿ ರಂಗನಾಥನ್ ಫ್ರಾನ್ಸಿಸ್. ದೇಶ ಒಡೆದು ಐದು ವರ್ಷವಾದ ಮೇಲೂ ಇಂಥ ತಂಡ. ಇದನ್ನೆಲ್ಲ ಶಾಲೆಯ ಸಾಮಾನ್ಯಜ್ಞಾನದ ಪುಸ್ತಕದಲ್ಲೇ ಓದಿದವರು ನಾವು. ವೆಲೊಡ್ರೋಮಿನಲ್ಲಿ ನಿಂತಾಗ ನನಗೆ ಹೊಸದಾಗಿ ಹೊಳೆದದ್ದು ಏನೂ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಹೆಲ್ಮೆಟ್ಟು, ಭುಜಕವಚ ತೊಟ್ಟ ಹುಡುಗರು ಅಮೆರಿಕನ್ ಫುಟ್‌ಬಾಲ್ ಅಭ್ಯಾಸ ಮಾಡುತ್ತಿದ್ದರು. ನನ್ನ ಅಳಿಯ ಫೋನಿನಲ್ಲಿ ಬಲ್ಬೀರ್ ಅವರ ಚಿತ್ರ ಹುಡುಕಿ, ‘ಇವ್ರು 2020ರಲ್ಲಿ ತೀರ್ಕೊಂಡ್ರಲ್ಲ, ಆಗ ಲಾಕ್‌ಡೌನ್ ಇತ್ತು, ಜನಾನೇ ಸೇರ್ಲಿಲ್ಲ’ ಎಂದ. ಅಷ್ಟು ಗೊತ್ತಿತ್ತು ಅವನಿಗೆ.

‘ಎಂಟು ಗಂಟೆಗೆ ಕೋರ್ಟ್ ಬುಕ್ ಮಾಡಿದೀನಿ ಮಾವ, ಹೊರಡೋಣ’ ಎಂದ. ಅವನು ವಾರಕ್ಕೊಮ್ಮೆ ಗೆಳೆಯರ ಜತೆ ಬ್ಯಾಡ್ಮಿಂಟನ್ ಆಡುವ ಜಾಗದ ಹೆಸರು ಕಿಸಾಹಲ್ಲಿ. ಒಲಿಂಪಿಕ್ ಕ್ರೀಡಾಂಗಣದ ಪಕ್ಕದಲ್ಲೇ ಇರುವ, ಮೂವತ್ತರ ದಶಕದಲ್ಲಿ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ದೊಡ್ಡ ಸಭಾಂಗಣ. 1952ರ ಕುಸ್ತಿ ಅಲ್ಲೇ ನಡೆದದ್ದು. ಇದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಎಷ್ಟೋ ಸಂಜೆ ಅಲ್ಲಿ ಬೆವರು ಸುರಿಸಿದ್ದಾನೆ.

ಖಾಶಾಬಾ ದಾದಾಸಾಹೇಬ್ ಜಾಧವ್ ಹುಟ್ಟಿದ್ದು ಮಹಾರಾಷ್ಟ್ರದ ಕರಾಡದ ಹತ್ತಿರ, ಗೋಳೇಶ್ವರ ಎಂಬ ಹಳ್ಳಿಯಲ್ಲಿ. ಕರಾಡವೆಂದರೆ ಕೊಯ್ನಾ ಬಂದು ಕೃಷ್ಣೆಯನ್ನು ಕೂಡುವ ಊರು. ಆ ನೀರೇ ಇಳಿದು ಬೆಳಗಾವಿ, ಬಾಗಲಕೋಟೆಗಳಿಗೆ ಬರುತ್ತದೆ. ಕುಸ್ತಿಯ ಗಾಳಿಯೂ ಹಾಗೇ, ಗಡಿ ನೋಡಿ ಬೀಸುವುದಿಲ್ಲ. ಕೊಲ್ಲಾಪುರದ ತಾಲೀಮಿನಲ್ಲಿ ಪಳಗಿ ಬಂದವನೆಂದರೆ ಈಗಲೂ ನಮ್ಮ ಬಡಗಣ ಜಿಲ್ಲೆಗಳ ಜಾತ್ರೆಗಳಲ್ಲಿ ಪೈಲ್ವಾನನ ಬೆಲೆ ಒಂದು ಗೇಣು ಮೇಲೆ. ಜಾಧವ್ ತಂದೆಯೂ ಪೈಲ್ವಾನರೇ. ಮಗ 1948ರಲ್ಲಿ ಲಂಡನ್ನಿಗೆ ಹೋಗಿ ಫ್ಲೈವೇಟ್‌ನಲ್ಲಿ ಆರನೆಯವನಾದ. ಆಗ ಖರ್ಚು ಕೊಟ್ಟದ್ದು ಕೊಲ್ಲಾಪುರದ ಮಹಾರಾಜರು. ಕೆಮ್ಮಣ್ಣಿನ ಅಖಾಡದಲ್ಲಿ ಹೊರಳಿದ ಮೈಗೆ ಮ್ಯಾಟಿನ ಕುಸ್ತಿ ಹೊಸದಾಗಿತ್ತು.

ಹೆಲ್ಸಿಂಕಿಗೆ ಹೊರಡುವಾಗ ಸಂಸ್ಥಾನಗಳ ಕಾಲ ಮುಗಿದಿತ್ತು. ಸರ್ಕಾರದ ಹಣ ಸಾಲಲಿಲ್ಲ. ಜಾಧವ್ ಮನೆಮನೆ ತಿರುಗಿದರು, ಊರಿನವರು ಕೈಲಾದಷ್ಟು ಕೊಟ್ಟರು. ಅವರು ಓದಿದ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು. ಆ ಕಾಲದ ಏಳು ಸಾವಿರ. ಇವರೇ ಊರು ಕಳಿಸಿದವರು ಎಂದು ನಾನು ಹೇಳಿದ್ದು.

57 ಕೆ.ಜಿ.ಯ ಬ್ಯಾಂಟಮ್‌ವೇಟ್ ಫ್ರೀಸ್ಟೈಲ್. ಕೆನಡಾ, ಮೆಕ್ಸಿಕೊ, ಜರ್ಮನಿಯ ಪೈಲ್ವಾನರನ್ನು ಜಾಧವ್ ಕೆಡವಿದರು. ಆಮೇಲೆ ಜಪಾನಿನ ಶೋಹಾಚಿ ಇಶಿಯ ಜತೆ ದೀರ್ಘ ಸೆಣಸು. ಅದರಲ್ಲಿ ಸೋತರು, ಇಶಿ ಚಿನ್ನ ಗೆದ್ದ. ಮೈ ಸೋತು ಬಂದವರನ್ನು ಕೂಡಲೇ ಸೋವಿಯತ್ತಿನ ರಶೀದ್ ಮಮ್ಮದ್‌ಬೇಯೋವ್ ಎದುರಿಗೆ ಕರೆದರೆಂದು ಹೇಳುತ್ತಾರೆ. ನಿಯಮದಂತೆ ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆಯ ವಿರಾಮ ಸಿಗಬೇಕಿತ್ತು. ಅದನ್ನು ಕೇಳಿ ಪಡೆಯಲು ಅಲ್ಲಿ ಭಾರತದ ಅಧಿಕಾರಿ ಒಬ್ಬರೂ ಇರಲಿಲ್ಲ. ಜಾಧವ್ ಹೋಗಿ ನಿಂತರು, ಸೋತರು. ಕಂಚು ಉಳಿಯಿತು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ಅದು. ಎರಡನೆಯದಕ್ಕೆ, ಅಟ್ಲಾಂಟಾದಲ್ಲಿ ಲಿಯಾಂಡರ್ ಪೇಸ್ ಗೆಲ್ಲುವವರೆಗೆ, 44 ವರ್ಷ ಕಾಯಬೇಕಾಯಿತು. ಮೇಲಿನ ತೂಕದಲ್ಲಿ ಕೇಶವ ಮಾಣಗಾವೆ ನಾಲ್ಕನೆಯವರಾದದ್ದನ್ನು ಹೇಳುವವರೂ ಇಲ್ಲ.

ಕಿಸಾಹಲ್ಲಿಯ ಗ್ಯಾಲರಿಯಲ್ಲಿ ಕೂತು ಇದನ್ನು ಆಟದ ನಡುವೆ ದಣಿವಾರಿಸಿಕೊಳ್ಳಲು ಬಂದ ಹುಡುಗರಿಗೆ ಹೇಳಿದೆ. ನಾಲ್ವರಲ್ಲಿ ಒಬ್ಬ ಹುಬ್ಬಳ್ಳಿಯವ. ‘57 ಕೆ.ಜಿ. ಅಂದ್ರ ಅಮನ್ ಸೆಹ್ರಾವತ್ ಹಿಡಿದ ತೂಕ ಅಲ್ರೀ ಸರ?’ ಎಂದ. ಹೌದು, ಅದೇ. 2024ರ ಪ್ಯಾರಿಸ್‌ನಲ್ಲಿ ಅಮನ್‌ಗೂ ಕಂಚು. ಸೆಮಿಫೈನಲ್ ಸೋತ ರಾತ್ರಿ ಆ ಹುಡುಗನ ತೂಕ ಏರಿತ್ತು. ತರಬೇತುದಾರರು ನಿದ್ದೆಗೆಟ್ಟು ಹತ್ತು ಗಂಟೆಯಲ್ಲಿ 4.6 ಕೆ.ಜಿ. ಇಳಿಸಿ ಬೆಳಗಿನ ತಕ್ಕಡಿಗೆ ಹತ್ತಿಸಿದರು. ಅದಕ್ಕೆ ಸ್ವಲ್ಪ ದಿನ ಮೊದಲಷ್ಟೇ ನೂರು ಗ್ರಾಂ ಹೆಚ್ಚಾಗಿ ವಿನೇಶ್ ಫೋಗಟ್ ಫೈನಲ್ ಕಳೆದುಕೊಂಡಿದ್ದರು. ಎಪ್ಪತ್ತೆರಡು ವರ್ಷಗಳಲ್ಲಿ ಏನು ಬದಲಾಯಿತು ಎಂದು ಕೇಳಿದರೆ ನಾನು ಪದಕಗಳ ಸಂಖ್ಯೆ ಹೇಳುವುದಿಲ್ಲ. ಅಮನ್ ಪಕ್ಕದಲ್ಲಿ ಇಡೀ ರಾತ್ರಿ ಎದ್ದಿರಲು ಜನರಿದ್ದರು.

‘ಆಮ್ಯಾಲೆ ಏನಾತ್ರೀ ಅವರದು?’ ಎಂದ ಹುಬ್ಬಳ್ಳಿಯ ಹುಡುಗ. ರ‍್ಯಾಕೆಟ್ಟನ್ನು ಕೆಳಗಿಟ್ಟಿದ್ದ. ಅವರ ಕೋರ್ಟಿನ ಸಮಯ ಮುಗಿಯುತ್ತ ಬಂದಿತ್ತು, ಯಾರೂ ಏಳಲಿಲ್ಲ.

ಜಾಧವ್ ಮುಂದೆ ಪೊಲೀಸ್ ಇಲಾಖೆ ಸೇರಿದರು, ಸಬ್ ಇನ್‌ಸ್ಪೆಕ್ಟರ್ ಆಗಿ. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಸತ್ತ ಮೇಲೆ. ದೆಹಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು, ಅದು ಇನ್ನೂ ತಡವಾಗಿ. ಇಷ್ಟನ್ನು ಹೇಳಿ ಮುಗಿಸಬಹುದಿತ್ತು. ಆದರೆ ಹುಡುಗ ಕೇಳಿದ್ದು ಆ ಜುಲೈ ಆದ ಮೇಲಿನ ಮಾತು. ಕಂಚು ಹಿಡಿದು ಬಂದ ಜಾಧವ್ ಅವರನ್ನು ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಕರಾಡದಿಂದ ಗೋಳೇಶ್ವರಕ್ಕೆ ಕರೆದೊಯ್ದರು. ಸಂಭ್ರಮ ಇಳಿದ ಮೇಲೆ ಅವರು ಕುಸ್ತಿ ಪಂದ್ಯಗಳನ್ನು ಏರ್ಪಡಿಸಿದರು, ತಾವೂ ಅಖಾಡಕ್ಕಿಳಿದರು. ಅದರಿಂದ ಬಂದ ಹಣವನ್ನು ಖರ್ಡೇಕರ್ ಅವರಿಗೆ ಕೊಟ್ಟು, ಅಡವಿಟ್ಟ ಮನೆಯನ್ನು ಬಿಡಿಸಿಕೊಟ್ಟರು.